ನಡುಮನೆಯ ತೊಲೆ ಮತ್ತು ನನ್ನ ಅಭಿಪ್ರಾಯ

ನನಗೊಂದು ಕಾಯಿಲೆಯಿದೆ. ವೈದ್ಯರು ಅದಕ್ಕಿನ್ನೂ ಹೆಸರಿಟ್ಟಿಲ್ಲವಾದ್ದರಿಂದ ಲಕ್ಷಣಗಳನ್ನೇ ಹೇಳಬೇಕು. ಯಾರಾದರೂ ಎದುರಿಗೆ ನಿಂತು ‘ಇದರ ಬಗ್ಗೆ ನಿಮ್ಮ ಅಭಿಪ್ರಾಯವೇನು’ ಎಂದು ಕೇಳಿದರೆ ಸಾಕು, ನನ್ನ ಅಂಗೈ ಬೆವರುತ್ತದೆ, ಗಂಟಲು ಒಣಗುತ್ತದೆ, ಕಣ್ಣು ಕೇಳಿದವರ ಮುಖದ ಮೇಲೆ ಓಡಾಡತೊಡಗುತ್ತದೆ. ಅವರಿಗೆ ಯಾವ ಉತ್ತರ ಬೇಕಾಗಿದೆ ಎಂಬುದು ಸಾಮಾನ್ಯವಾಗಿ ಅವರ ಹುಬ್ಬಿನ ಆಸುಪಾಸಿನಲ್ಲೇ ಇರುತ್ತದೆ. ಅದನ್ನು ಹುಡುಕಿ ತೆಗೆದು ಅವರಿಗೇ ಒಪ್ಪಿಸಿಬಿಡುತ್ತೇನೆ. ಅವರು ಸಂತೋಷದಿಂದ ಹೋಗುತ್ತಾರೆ. ಹೋಗುವಾಗ, ಈ ಮನುಷ್ಯ ತೂಕದವನು ಎಂದು ಒಂದು ಮಾತು ಹೇಳಿಯೂ ಹೋಗುತ್ತಾರೆ. ಬೇರೆ ಬೇರೆ ಉತ್ತರ ಬಯಸುವ ಇಬ್ಬರು ಒಟ್ಟಿಗೇ ಬಂದು ಕೇಳಿದರೆ ಮಾತ್ರ ನನಗೆ ಕೆಮ್ಮು ಬರುತ್ತದೆ. ಹೀಗೆ ಹಲವು ವರ್ಷ ಕಳೆದ ಮೇಲೆ ಊರಿನಲ್ಲಿ ನನಗೆ ವಿವೇಕಿ ಎಂಬ ಹೆಸರು ಬಂದಿತ್ತು. ಆ ಹೆಸರಿನ ಕೆಳಗೆ ಬರೀ ಹೆದರಿಕೆ ಇದೆ ಎಂಬುದು ನನಗೂ ನನ್ನ ಹೆಂಡತಿಗೂ ಮಾತ್ರ ಗೊತ್ತಿತ್ತು.

ಆಗ ನಾವು ಆಳಂದದಲ್ಲಿದ್ದೆವು. ನಿಜಾಮರ ಕಾಲ. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು, ಇಲ್ಲಿ ಸೀಮೆಎಣ್ಣೆಗೆ ಸಾಲು ನಿಲ್ಲಬೇಕಾಗಿತ್ತು. ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಮುನ್ಷಿ, ಅಂದರೆ ಕಾಗದ ಬರೆಯುವವನು. ಕಚೇರಿಯ ಭಾಷೆ ಉರ್ದು. ಮನೆಯಲ್ಲಿ ಕನ್ನಡ ಮಾತಾಡುವ ನಾನು ಹಗಲೆಲ್ಲ ಬಲದಿಂದ ಎಡಕ್ಕೆ ಬರೆಯುತ್ತಿದ್ದೆ. ಪ್ರತಿ ಕಾಗದದ ಕೊನೆಗೂ ‘ರಾಯ’ ಎಂದು ಒಂದು ಜಾಗ. ರಾಯ ಅಂದರೆ ಅಭಿಪ್ರಾಯ. ಕೆಳಗಿನವರು ತಮ್ಮ ರಾಯ ಕೊಟ್ಟು ಮೇಲೆ ಕಳಿಸಬೇಕು, ಮೇಲಿನವರು ಅದರಡಿ ‘ಇತ್ತೆಫಾಕ್ ಹೈ’, ಅಂದರೆ ಒಪ್ಪಿಗೆ ಇದೆ, ಎಂದು ರುಜು ಹಾಕಬೇಕು. ಎರಡನ್ನೂ ಅಂದವಾಗಿ ಬರೆದಿಡುವುದು ನನ್ನ ಕೆಲಸ. ಹನ್ನೆರಡು ವರ್ಷ ಬೇರೆಯವರ ಅಭಿಪ್ರಾಯ ಬರೆದು ಬರೆದು ನನ್ನ ಅಕ್ಷರ ಮುತ್ತಿನಂತಾಯಿತು. ಆದರೆ ಸ್ವಂತದ್ದೊಂದು ಅಭಿಪ್ರಾಯ ಹುಟ್ಟಲಿಲ್ಲ. ಹುಟ್ಟದಿದ್ದದ್ದು ನನಗೆ ತಿಳಿದೂ ಇರಲಿಲ್ಲ.

ಮದುವೆಯ ವಿಷಯದಲ್ಲೂ ಹೀಗೇ. ಹಿರೋಳ್ಳಿಗೆ ಹೆಣ್ಣು ನೋಡಲು ಹೋದಾಗ ಹಿರಿಯರು ನನ್ನ ಕಡೆ ತಿರುಗಿ ಹುಡುಗಿ ಹೇಗನ್ನಿಸಿತು ಎಂದು ಕೇಳಿದರು. ನೀವೆಲ್ಲ ಹೇಗೆ ಹೇಳುತ್ತೀರೋ ಹಾಗೆ ಎಂದೆ. ಹಿರಿಯರು ಇದನ್ನು ವಿನಯ ಎಂದುಕೊಂಡು ಮೆಚ್ಚಿದರು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದ ಹುಡುಗಿ ಮೆಚ್ಚಿರಲಿಲ್ಲವೆಂದು ಮದುವೆಯಾಗಿ ಆರು ತಿಂಗಳಿಗೆ ತಿಳಿಯಿತು. ‘ನಾ ನಿಮ್ಮನ್ನ ನೋಡಿ ಹೂಂ ಅಂದೆ. ನೀವು ಮಂದೀನ್ನ ನೋಡಿ ಹೂಂ ಅಂದ್ರಿ’ ಎಂದು ಗಂಗಾ ಒಂದು ದಿನ ರೊಟ್ಟಿ ಬಡಿಯುತ್ತಾ ಹೇಳಿದಳು. ಬಡಿಯುವ ಸದ್ದಿನಲ್ಲಿ ಕೇಳಿಸಲಿಲ್ಲವೆಂಬಂತೆ ನಾನು ತಟ್ಟೆ ನೋಡುತ್ತಾ ಕೂತಿದ್ದೆ.

ನಾವಿದ್ದುದು ಗುರುಲಿಂಗಪ್ಪ ಸಾವಕಾರರ ಬಾಡಿಗೆ ಮನೆ. ದಪ್ಪ ಕಲ್ಲಿನ ಗೋಡೆ, ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತಿಗಳ ಸಾಲು, ಅದರ ಮೇಲೆ ಮಣ್ಣಿನ ಮಾಳಿಗೆ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಸುತ್ತಾರೆ, ಸೋರಬಾರದೆಂದು. ಹಳೆಯದನ್ನು ಕೆತ್ತಿ ತೆಗೆದು ಹೊಸದು ಹಾಕುವವರು ಕೆಲವರು, ಹಳೆಯದರ ಮೇಲೇ ಸುರಿಯುವವರು ಬಹಳ. ಸಾವಕಾರರು ಎರಡನೆಯ ಜಾತಿ. ಅವರ ಅಜ್ಜನ ಕಾಲದಿಂದ ಸುರಿದ ಮಣ್ಣೆಲ್ಲ ನಮ್ಮ ನೆತ್ತಿಯ ಮೇಲೇ ಇತ್ತು. ನಡುಮನೆಯ ದೊಡ್ಡ ತೊಲೆಗೆ ಒಂದು ಕಬ್ಬಿಣದ ಕೊಂಡಿ, ಕೊಂಡಿಗೆ ತೊಟ್ಟಿಲು, ತೊಟ್ಟಿಲಲ್ಲಿ ನಮ್ಮ ಎಂಟು ತಿಂಗಳ ಮಗಳು.

ಬೇಸಿಗೆಯ ಒಂದು ಶುಕ್ರವಾರ, ಕಚೇರಿಗೆ ರಜೆ. ಮಧ್ಯಾಹ್ನ ಜೋಳದ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ಬಾಯಿಗಿಡುತ್ತಿದ್ದೆ. ಮೇಲೆ ‘ಕಟಕ್’ ಎಂದಿತು. ಒಂದು ಚಿಟಿಕೆ ಮಣ್ಣು ಬಂದು ಪಲ್ಯದ ಮೇಲೆ ಕೂತಿತು. ಗಂಗಾ ತಲೆ ಎತ್ತಿ ನೋಡಿದಳು. ಬಿಸಿಲಿಗೆ ಕಟ್ಟಿಗೆ ಸಪ್ಪಳ ಮಾಡುತ್ತದೆ, ಅದು ಅದರ ಸ್ವಭಾವ ಎಂದು ನಾನು ಹೇಳಿದೆ. ಎಷ್ಟು ಖಚಿತವಾಗಿ ಹೇಳಿದೆನೆಂದರೆ ಒಂದು ಕ್ಷಣ ನಾನೇ ನಂಬಿದೆ. ನಿಜವಾಗಿ ಅದು ಕಚೇರಿಯಲ್ಲಿ ಯಾರೋ ಒಂದು ಕಪಾಟಿನ ಬಗ್ಗೆ ಹೇಳಿದ ಮಾತು. ಗಂಗಾ ತಟ್ಟೆ ಬದಲಿಸಿ ಕೊಟ್ಟಳು. ಮರುದಿನ ಸಂಜೆ ಮನೆಗೆ ಬಂದು ನೋಡಿದರೆ ಬರೀ ಕೊಂಡಿ ತೂಗುತ್ತಿದೆ, ತೊಟ್ಟಿಲಿಲ್ಲ. ಹೊಗೆ ತುಂಬಿದ ಅಡುಗೆಮನೆಯ ಮೂಲೆಯಲ್ಲಿ ಕಟ್ಟಿದ್ದಳು. ಯಾಕೆಂದು ಕೇಳಿದೆ. ‘ಇಲ್ಲಿ ನನ್ನ ಕಣ್ಣ ಮುಂದ ಇರ್ತಾಳ್ರಿ’ ಎಂದಳು. ತೊಲೆಯ ಬಗ್ಗೆ ಒಂದು ಮಾತೂ ಇಲ್ಲ.

ನನ್ನ ಹೆದರಿಕೆ ಶುರುವಾದದ್ದು ಅವತ್ತು. ತೊಲೆಯ ಸಪ್ಪಳಕ್ಕಿಂತ ಆ ಖಾಲಿ ಕೊಂಡಿ ನನ್ನನ್ನು ಹೆಚ್ಚು ಹೆದರಿಸಿತು. ನಡುಮನೆ ದಾಟುವಾಗ ಹಾಯುವ ಎಮ್ಮೆಯನ್ನು ಬಳಸಿ ಹೋಗುವಂತೆ ಗೋಡೆ ಹಿಡಿದು ಹೋಗತೊಡಗಿದೆ. ಮಾಳಿಗೆ ಬಿದ್ದರೂ ಬಾಗಿಲ ಚೌಕಟ್ಟು ನಿಲ್ಲುತ್ತದೆ ಎಂದು ಎಲ್ಲೋ ಕೇಳಿದ್ದ ನೆನಪಿನಿಂದ ಹೊಸ್ತಿಲ ಮೇಲೇ ಕೂತು ಉಣ್ಣತೊಡಗಿದೆ. ಹೊಸ್ತಿಲ ಮೇಲೆ ಕೂಡಬಾರದೆಂದು ನೆರೆಮನೆಯ ಮುದುಕಿ ಬೈದಳು. ಅವಳ ಮಾತಿಗೂ ಹೆದರಿ ಅರ್ಧ ಒಳಗೆ ಅರ್ಧ ಹೊರಗೆ ಕೂತೆ. ಬಾಗಿಲನ್ನು ಮಗುವಿನಂತೆ ಮೆಲ್ಲಗೆ ಮುಚ್ಚುತ್ತಿದ್ದೆ. ಸೀನು ಬಂದರೆ ಮೂಗು ಹಿಡಿದುಕೊಂಡು ಅಂಗಳಕ್ಕೆ ಓಡಿ ಸೀನಿ ಬರುತ್ತಿದ್ದೆ. ಗಂಗಾ ನೋಡುತ್ತಿದ್ದಳು, ನಗುತ್ತಿರಲಿಲ್ಲ. ಅವಳು ನಕ್ಕಿದ್ದರೆ ನನಗೆ ಧೈರ್ಯ ಬರುತ್ತಿತ್ತೋ ಏನೋ.

ಇಷ್ಟಾದ ಮೇಲೆ ಒಂದು ನಿರ್ಧಾರಕ್ಕೆ ಬರಬೇಕೆಂದುಕೊಂಡೆ. ನಿರ್ಧಾರಕ್ಕೆ ಬರುವ ನನ್ನ ದಾರಿ ಒಂದೇ, ಕೇಳುವುದು. ಮೊದಲು ಸಾವಕಾರರ ಅಂಗಡಿಗೆ ಹೋದೆ. ಅವರು ತೊಗರಿಯ ರಾಶಿಯ ಪಕ್ಕದಲ್ಲಿ ಲೋಡಿಗೆ ಒರಗಿ ಕೂತಿದ್ದರು. ಆ ತೊಲೆ ಸಾಗುವಾನಿಯದೆಂದೂ, ಅವರ ಅಜ್ಜ ಕಾಡಿಗೆ ಹೋಗಿ ತಾನೇ ಆರಿಸಿ ತಂದದ್ದೆಂದೂ, ತಾವು ಹುಟ್ಟಿದ್ದೇ ಅದರ ಕೆಳಗೆಂದೂ ಹೇಳಿದರು. ಅವರ ಗಟ್ಟಿ ಮೈ ನೋಡಿದರೆ ತೊಲೆಯ ಬಗ್ಗೆ ಅನುಮಾನ ಪಡುವುದೇ ತಪ್ಪೆನಿಸಿತು. ಹಗುರಾಗಿ ಕಚೇರಿಗೆ ಹೋದೆ. ಅಲ್ಲಿ ಹಿರಿಯ ಗುಮಾಸ್ತರಾದ ಮಹಬೂಬ ಸಾಹೇಬರು, ಬಹಳ ಸಾವಧಾನದ ಮನುಷ್ಯ, ಎಲ್ಲ ಕೇಳಿಸಿಕೊಂಡು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಮಟಕಿ ಎಂಬ ಊರಿನಲ್ಲಿ ಅವರ ಬೀಗರ ಮನೆಯ ಮಾಳಿಗೆಯೂ ಹೀಗೇ ಒಂದೆರಡು ಸಲ ಸಪ್ಪಳ ಮಾಡಿತಂತೆ. ಮೂರನೆಯ ಸಲ ಪೆಟ್ಟಿಗೆಯ ಮುಚ್ಚಳ ಮುಚ್ಚಿದಂತೆ ಕೂತುಬಿಟ್ಟಿತಂತೆ. ಎಲ್ಲರೂ ಹೊಲದಲ್ಲಿದ್ದರು, ಉಳಿದರು. ಕೋಣೆಯೊಳಗೆ ಮಲಗಿದ್ದ ಮುದುಕ ಉಳಿಯಲಿಲ್ಲ. ‘ಆವಾಜ್ ಬಂತಂದ್ರ ಹೊರಗ ಬರಬೇಕು ಮುನ್ಷೀಜಿ. ಅದು ಅದರ ಕೆಲಸ ಮಾಡ್ತದ, ನಾವು ನಮ್ಮ ಕೆಲಸ ಮಾಡಬೇಕು’ ಎಂದರು. ಆ ಸಂಜೆ ಮನೆಯ ಬೀದಿಗೆ ತಿರುಗುವ ಮುನ್ನ, ಮನೆ ಇನ್ನೂ ಇದೆಯೇ ಎಂದು ಮೂಲೆಯಿಂದ ಇಣುಕಿ ನೋಡಿದೆ.

ಹೀಗೆ ಒಂದೇ ದಿನ ಎರಡು ಖಚಿತ ಅಭಿಪ್ರಾಯ ನನ್ನ ಕೈಗೆ ಬಂದವು. ಬೆಳಿಗ್ಗೆ ಒಂದನ್ನು ನಂಬಿದ್ದೆ, ಸಂಜೆ ಇನ್ನೊಂದನ್ನು. ಯಾರದು ಖರೆ ಎಂದು ಗಂಗಾ ಕೇಳಿದಳು. ಇಬ್ಬರೂ ಅನುಭವಸ್ಥರು ಎಂದೆ.

ಕೊನೆಗೆ ಬಡಿಗೇರ ಮೋನಪ್ಪನನ್ನು ಕರೆಸಿದೆ. ಮರದ ವಿಷಯ ಮರದ ಕೆಲಸದವನಿಗಲ್ಲದೆ ಯಾರಿಗೆ ಗೊತ್ತಿರುತ್ತದೆ. ಆದರೆ ಸುದ್ದಿ ತಿಳಿದು ಸಾವಕಾರರೂ ಜೊತೆಗೆ ಬಂದರು. ಮೋನಪ್ಪ ನಡುಮನೆಯಲ್ಲಿ ಜೋಳದ ಕಣಜದ ಮೇಲೆ ಹತ್ತಿ ತೊಲೆಯ ನಟ್ಟನಡುವೆ ಕೊಡತಿಯಿಂದ ಬಡಿದ. ಗುಡಿಯ ಗಂಟೆಯ ಹಾಗೆ ನಾದ ಬಂತು. ಅವನು ಸಾವಕಾರರ ಮುಖ ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತು, ಹನ್ನೆರಡು ವರ್ಷ ನಾನೂ ಹಾಗೇ ನೋಡಿದವನು. ಇನ್ನೂ ಎರಡು ತಲೆಮಾರು ಬಾಳುತ್ತದೆ ಎಂದ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಂದ ಗಂಗಾ ಒಂದೇ ಮಾತು ಕೇಳಿದಳು.

‘ಮೋನಪ್ಪ ಕಾಕಾ, ಗ್ವಾಡಿಯೊಳಗ ಸೇರ್ತದಲ್ರಿ, ಆ ತುದಿಗೆ ಬಡದು ನೋಡ್ರಿ.’

ಅಲ್ಲಿಗೆ ಕೈ ಎಟುಕುವುದಿಲ್ಲ, ನಡುವೆ ಗಟ್ಟಿ ಇದ್ದರೆ ತುದಿಯೂ ಗಟ್ಟಿ ಎಂದು ಮೋನಪ್ಪ ಕೆಳಗಿಳಿದ. ಸಾವಕಾರರು ನಕ್ಕರು. ನಾನೂ ನಕ್ಕೆ, ನನಗೂ ಹಾಗೇ ಅನ್ನಿಸಿತ್ತು ಎಂದು ಸೇರಿಸಿದೆ, ಇಬ್ಬರಿಗೂ ಚಹಾ ಕೊಡಿಸಿದೆ.

ಅವರು ಹೋದ ಮೇಲೆ ಗಂಗಾ ನನ್ನನ್ನು ಆ ತುದಿಯ ಕೆಳಗಿನ ಮೂಲೆಗೆ ಕರೆದುಕೊಂಡು ಹೋದಳು. ಆ ಮನೆಯಲ್ಲಿ ಮೂರು ವರ್ಷ ಇದ್ದರೂ ನಾನು ಆ ಮೂಲೆ ನೋಡಿರಲಿಲ್ಲ. ಅವಳು ದಿನಾ ಬೆಳಿಗ್ಗೆ ಕಸ ಹೊಡೆಯುವಾಗ ನೋಡುತ್ತಿದ್ದಳಂತೆ. ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ಹಿಟ್ಟಿನಂಥ ಪುಡಿ ಒಂದು ಚಿಟಿಕೆ ಬೀಳುತ್ತಿತ್ತು. ಹೋಳಿ ಹುಣ್ಣಿಮೆಗೆ ಒಂದು ಮುಷ್ಟಿ. ಈಗ ಬೆಳಿಗ್ಗೆ ಹೊಡೆದರೆ ಸಂಜೆಗೆ ಮತ್ತೆ ಅಷ್ಟೇ. ‘ನಡುವ ಗಟ್ಟಿ ಅದ, ನಾನೂ ಅಲ್ಲ ಅನ್ನೂದಿಲ್ಲ. ಆದ್ರ ಉದುರಾಕತ್ತದ್ದು ಇಲ್ಲಿ’ ಎಂದಳು. ನೆರೆಮನೆಯಿಂದ ಏಣಿ ತಂದು ಹತ್ತಿ, ತೊಲೆಗೂ ಗೋಡೆಗೂ ಅಡ್ಡವಾಗಿ ಒಂದು ಕಾಗದದ ಪಟ್ಟಿಯನ್ನು ಗಂಜಿಯಿಂದ ಅಂಟಿಸಿದಳು. ನಾನು ಕಚೇರಿಯಿಂದ ತಂದ ರದ್ದಿ ಕಾಗದ ಅದು, ನನ್ನದೇ ಅಕ್ಷರ. ಇಷ್ಟು ಭಾರದ ಮಾಳಿಗೆಗೆ ಕಾಗದದ ಆಧಾರವೇ ಎಂದು ನಾನು ಚೇಷ್ಟೆ ಮಾಡಿದೆ. ಹೆದರಿದವನಿಗೆ ಚೇಷ್ಟೆ ಬೇಗ ಬರುತ್ತದೆ. ಅವಳು ಏಣಿಯ ಮೇಲಿಂದಲೇ ಹೇಳಿದಳು: ‘ತೊಲಿ ಸರದ್ರ ಕಾಗದ ಹರೀತದ. ಹರೀಲಿಲ್ಲಂದ್ರ ಸಾವಕಾರರ ಮಾತು ಖರೆ. ನನಗೂ ಅದು ಖರೆ ಆದ್ರ ಛಲೋನ ಅನಸ್ತದ್ರಿ.’

ಈ ಮಾತಿನ ಮೇಲೆ ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ನಮ್ಮ ಕಚೇರಿಯಲ್ಲಿ ಯಾವ ಕಾಗದದ ಮೇಲೂ, ನನ್ನ ಮಾತು ಸುಳ್ಳಾದರೆ ಒಳ್ಳೆಯದು ಎಂದು ಯಾರೂ ರಾಯ ಬರೆದದ್ದನ್ನು ನಾನು ಕಂಡಿರಲಿಲ್ಲ. ಆದರೆ ಅಂದು ಯೋಚಿಸಲಿಲ್ಲ. ಕಾಗದದ ವಿಷಯ ತಿಳಿಯುವವರೆಗೆ ಈ ವರ್ಷ ಹೊಸ ಮಣ್ಣು ಹಾಕಬೇಡಿರೆಂದು ಸಾವಕಾರರಿಗೆ ಹೇಳಿ ಬನ್ನಿ ಎಂದಳು ಗಂಗಾ. ಹೋದೆ. ತೊಗರಿಯ ಬೆಳೆಯ ಬಗ್ಗೆ ಮಾತಾಡಿ ಬಂದೆ. ಮತ್ತೆ ಹೋದೆ, ಅವರ ಮಗಳ ಮದುವೆಯ ಬಗ್ಗೆ ಮಾತಾಡಿ ಬಂದೆ. ಮೂರನೆಯ ಸಲ ಅವರೇ ಏನಾದರೂ ಹೇಳುವುದಿತ್ತೇ ಎಂದು ಕೇಳಿದರು, ಏನಿಲ್ಲ ಎಂದೆ. ಅವರು ನಮ್ಮ ಕಚೇರಿಯ ದೊಡ್ಡ ಸಾಹೇಬರಿಗೆ ಬಹಳ ಬೇಕಾದವರು. ಊರಿನಲ್ಲಿ ಬೇರೆ ಖಾಲಿ ಮನೆಯೂ ಇರಲಿಲ್ಲ. ತೊಲೆಗೆ ಹೆದರುವುದು, ಸಾವಕಾರರಿಗೆ ಹೆದರುವುದು, ಹೆಂಡತಿಯ ಮುಖ ನೋಡಲು ಹೆದರುವುದು, ಈ ಮೂರರ ನಡುವೆ ಆ ತಿಂಗಳು ಕಳೆಯಿತು.

ಮಿರುಗದ, ಅಂದರೆ ಮೃಗಶಿರದ, ಮಳೆಗೆ ಇನ್ನೇನು ಎಂಟು ದಿನವಿತ್ತು. ಬೆಳಿಗ್ಗೆ ನಾನು ಟೋಪಿ ಹಾಕಿಕೊಂಡು ಕಚೇರಿಗೆ ಹೊರಟಾಗ ಮನೆ ಮುಂದೆ ಎರಡು ಬಂಡಿ ಮಣ್ಣು ಬಂದು ನಿಂತಿತು, ಹಿಂದೆಯೇ ಸಾವಕಾರರೂ ಬಂದರು. ನಾಲ್ಕು ಜನ ಆಳುಗಳು ಬುಟ್ಟಿ ಹಿಡಿದು ಮಾಳಿಗೆ ಹತ್ತಿದರು. ಗಂಗಾ ಒಲೆಯ ಬೆಂಕಿಗೆ ನೀರು ಹಾಕಿ, ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ಸಾವಕಾರರ ಮುಂದೆ ನಿಂತು, ಮಣ್ಣು ಹಾಕಿಸಬೇಡಿ, ತೊಲೆಯ ತುದಿ ಒಳಗೆ ಹುಳ ತಿಂದಿದೆ ಎಂದು ನೇರವಾಗಿ ಹೇಳಿದಳು. ಆಮೇಲೆ ಬೀದಿಯ ಆಚೆಗಿನ ಬೇವಿನ ಕಟ್ಟೆಯ ಮೇಲೆ ಹೋಗಿ ಕೂತಳು. ಸಾವಕಾರರಿಗೆ ಸಿಟ್ಟು ಬಂದಿತ್ತು, ಆದರೆ ಅವಳ ಮೇಲೆ ತೋರಿಸಲಿಲ್ಲ. ನನ್ನ ಕಡೆ ತಿರುಗಿದರು.

‘ಮುನ್ಷೀಜಿ, ನೀವು ತಿಳಿದವರು. ನಿಮ್ಮ ರಾಯ ಏನದ ಹೇಳ್ರಿ. ನೀವು ಬ್ಯಾಡ ಅಂದ್ರ ಈಗ ನಿಲ್ಲಸ್ತೇನಿ.’

ಹತ್ತಾರು ಜನ ಸೇರಿದ್ದರು. ನನ್ನ ಅಂಗೈ ಬೆವರಿತು. ಸಾವಕಾರರ ಮುಖದಲ್ಲಿ ಒಂದು ಉತ್ತರವಿತ್ತು, ಬೇವಿನ ಕಟ್ಟೆಯ ಮೇಲೆ ಇನ್ನೊಂದು. ನನಗೆ ಕೆಮ್ಮು ಬಂತು. ಎಷ್ಟು ಕೆಮ್ಮಿದರೂ ಅವರು ಕಾಯುತ್ತಲೇ ಇದ್ದರು. ಇಬ್ಬರ ಮಾತಿನಲ್ಲೂ ಅರ್ಥವಿದೆ ಎಂದೆ. ಹಾಗಾದರೆ ಹೆದರುವಂಥದ್ದೇನೂ ಇಲ್ಲವಲ್ಲ ಎಂದರು ಸಾವಕಾರರು. ನೀವು ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತರೆ ನಿಮ್ಮ ಮನೆಯವರಿಗೂ ಧೈರ್ಯ ಬರುತ್ತದೆ ಎಂದರು. ಒಲ್ಲೆ ಎನ್ನಲು ನನಗೆ ಧೈರ್ಯವಾಗಲಿಲ್ಲ. ಹೆದರಿಕೆಯಿಂದಲೇ ಮನುಷ್ಯ ಅಪಾಯದೊಳಗೆ ನಡೆದು ಹೋಗುತ್ತಾನೆ ಎಂಬುದು ನನಗೆ ಅಂದು ತಿಳಿಯಿತು. ಕಟ್ಟೆಯ ಕಡೆ ನೋಡದೆ ಒಳಗೆ ಹೋಗಿ ನಡುಮನೆಯಲ್ಲಿ ಕೂತೆ.

ಮೇಲೆ ಒಂದು ಬುಟ್ಟಿ ಮಣ್ಣು ‘ಧೊಪ್’ ಎಂದು ಬಿತ್ತು. ನನ್ನ ಹೆಗಲು ತಾನಾಗಿ ಕಿವಿಯವರೆಗೆ ಏರಿತು. ಎರಡನೆಯ ಬುಟ್ಟಿ ಬಿತ್ತು. ಟೋಪಿಯ ಮೇಲೆ ಧೂಳು ಉದುರಿತು. ಎಲ್ಲಿ ನೋಡಬೇಕೋ ತಿಳಿಯದೆ ಕಾಗದದ ಪಟ್ಟಿ ನೋಡಿದೆ. ಇಡಿಯಾಗಿತ್ತು. ನನ್ನ ಅಕ್ಷರ ಇಲ್ಲಿಂದಲೂ ಅಂದವಾಗಿ ಕಾಣುತ್ತಿತ್ತು. ನೋಡಿದೆಯಾ, ಏನೂ ಆಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆರನೆಯದೋ ಏಳನೆಯದೋ ಬುಟ್ಟಿಗೆ ಪಟ್ಟಿಯ ಕೆಳ ಅಂಚಿನಲ್ಲಿ ಒಂದು ಸಣ್ಣ ಸೀಳು ಕಂಡಿತು. ಸಪ್ಪಳವಿಲ್ಲ, ಏನಿಲ್ಲ. ಮುಂದಿನ ಬುಟ್ಟಿಗೆ ಆ ಸೀಳು ಮೇಲಕ್ಕೆ ಹೋಯಿತು. ಅದರ ಮುಂದಿನದಕ್ಕೆ ಕಾಗದ ಎರಡು ತುಂಡಾಗಿ, ನಡುವೆ ಒಂದು ಬೆರಳು ಹೋಗುವಷ್ಟು ಜಾಗವಾಯಿತು. ಆ ಕೋಣೆಯಲ್ಲಿ ನಾನೊಬ್ಬನೇ. ಓದಿಕೊಳ್ಳಲು ಯಾರ ಮುಖವೂ ಇರಲಿಲ್ಲ. ಮೂವತ್ತೆಂಟು ವರ್ಷದ ಬಾಳಿನಲ್ಲಿ ಮೊದಲ ಸಲ, ಯಾರನ್ನೂ ಕೇಳದೆ, ಒಂದು ವಿಷಯ ನನಗೆ ಗೊತ್ತಾಯಿತು.

ಎದ್ದು ಓಡಿದೆ. ಟೋಪಿ ಎಲ್ಲಿ ಬಿತ್ತೋ ನೋಡಲಿಲ್ಲ. ಬೀದಿಗೆ ಬಂದು ಕೈ ಮೇಲೆತ್ತಿ, ನಿಲ್ಲಿಸಿ ಎಂದು ಕೂಗಬೇಕೆಂದಿದ್ದೆ. ಬಾಯಿಂದ ಬಂದದ್ದು ಬೇರೆ. ‘ಇತ್ತೆಫಾಕ್ ಹೈ, ಇತ್ತೆಫಾಕ್ ಹೈ’ ಎಂದು ಕೂಗುತ್ತಾ ನಿಂತುಬಿಟ್ಟೆ. ಹನ್ನೆರಡು ವರ್ಷ ಬರೆದ ಮಾತು, ಅಂಥ ಹೊತ್ತಿನಲ್ಲಿ ಅದೊಂದೇ ನಾಲಿಗೆಗೆ ಸಿಕ್ಕಿತು. ಮುನ್ಷಿಯವರು ಒಪ್ಪಿದರು ಎಂದುಕೊಂಡು ಆಳುಗಳು ಮತ್ತೊಂದು ಬುಟ್ಟಿ ಎತ್ತಿದರು. ಗಂಗಾ ನನ್ನ ಮುಖ ನೋಡಿದಳು, ಕಟ್ಟೆಯಿಂದ ಎದ್ದು ನಿಂತಳು.

‘ಕೆಳಗ ಇಳೀರಿ ಅಣ್ಣಾ. ತೊಲಿ ಸರದದ.’

ಅವಳು ಕೂಗಲಿಲ್ಲ, ಆದರೆ ಆ ದನಿಗೆ ನಾಲ್ವರೂ ಬುಟ್ಟಿ ಅಲ್ಲೇ ಬಿಟ್ಟು ಇಳಿದರು. ಕೊನೆಯವನು ಏಣಿಯಿಂದ ನೆಲಕ್ಕೆ ಕಾಲಿಟ್ಟು, ಬೀದಿ ದಾಟಿ ಕಟ್ಟೆಯ ಹತ್ತಿರ ಬಂದಿದ್ದನಷ್ಟೆ. ಒಳಗಿನಿಂದ ದೊಡ್ಡದೊಂದು ನಿಟ್ಟುಸಿರಿನಂಥ ಸದ್ದು ಬಂತು. ನಡುಮನೆಯ ಅರ್ಧ ಮಾಳಿಗೆ ಕೆಳಗೆ ಕೂತಿತು. ಬಾಗಿಲಿನಿಂದ ಧೂಳು ಹೊರಗೆ ಬಂದು ಬೀದಿಯೆಲ್ಲ ತುಂಬಿತು. ಧೂಳು ಇಳಿದ ಮೇಲೆ ನೋಡಿದರೆ, ತೊಲೆಯ ನಡುಭಾಗ ಕಬ್ಬಿಣದ ಹಾಗಿತ್ತು. ಗೋಡೆಯೊಳಗೆ ಸೇರಿದ್ದ ತುದಿ ಮಾತ್ರ ಜೇನುಹುಟ್ಟಿನಂತೆ ತೂತು ತೂತು, ಬೆರಳಿಂದ ಒತ್ತಿದರೆ ಪುಡಿಯಾಗುತ್ತಿತ್ತು. ಮೋನಪ್ಪ ಬಂದು ನೋಡಿ, ತನಗೆ ಅವತ್ತೇ ಅನುಮಾನವಿತ್ತು ಎಂದ. ಸಾವಕಾರರು ಗಂಗಾಳ ಸೊಂಟದ ಮೇಲಿನ ಮಗುವನ್ನು ನೋಡುತ್ತಾ ನಿಂತರು, ಆಮೇಲೆ ತಮ್ಮ ಮನೆಯದೇ ಎರಡು ಕೋಣೆ ನಮಗೆ ಬಿಟ್ಟುಕೊಟ್ಟರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಎರಡೇ ದಿನದಲ್ಲಿ ಊರಿನಲ್ಲಿ ಬೇರೆ ಸುದ್ದಿ ಹಬ್ಬಿತು. ಮುನ್ಷಿಯವರು ಪ್ರಾಣದ ಹಂಗು ತೊರೆದು ತೊಲೆಯ ಕೆಳಗೆ ಕೂತು ಪರೀಕ್ಷೆ ಮಾಡಿ, ಸರಿಯಾದ ಗಳಿಗೆಗೆ ಹೊರಗೆ ಬಂದು ನಾಲ್ಕು ಜೀವ ಉಳಿಸಿದರಂತೆ. ಅಲ್ಲ ಎಂದು ನಾನು ಹೇಳಬೇಕಾಗಿತ್ತು. ಗಂಗಾಳ ಮುಂದೆಯೇ ಜನ ಹೊಗಳುತ್ತಿದ್ದಾಗ ಕೂಡ ನಾನು ನೆಲ ನೋಡಿದೆ. ಅವಳು ಚಹಾ ತಂದಿಟ್ಟು ಒಳಗೆ ಹೋದಳು. ಅಫಜಲಪುರದ ಕಡೆಯ ಅತನೂರದಿಂದ ಒಬ್ಬ ರೈತ ಬಂಡಿ ಕಟ್ಟಿಕೊಂಡು ಬಂದು ತನ್ನ ಮನೆಯ ಮಾಳಿಗೆ ನೋಡಲು ನನ್ನನ್ನು ಕರೆದೊಯ್ದ. ಅಲ್ಲಿ ನಾನು ಏನು ನೋಡಿದೆನೋ ದೇವರಿಗೇ ಗೊತ್ತು. ಹುಷಾರಾಗಿರಿ ಎಂದು ಹೇಳಿ ಬಂದೆ. ಅವರು ಭಕ್ತಿಯಿಂದ ಕೈ ಮುಗಿದರು.

ಆಮೇಲೆ ಒಂದು ದಿನ ನಮ್ಮ ದೊಡ್ಡ ಸಾಹೇಬರೇ ಕರೆದರು. ಕಚೇರಿಯ ಮಾಳಿಗೆಯಲ್ಲಿ ಏನೋ ಸಪ್ಪಳವಾಗುತ್ತಿದೆ, ನಿಮ್ಮ ಸ್ವಂತ ರಾಯ ಬರೆದು ಕೊಡಿ ಎಂದರು. ಸ್ವಂತ ರಾಯ. ನನ್ನ ಹೆಸರಿನಲ್ಲಿ. ತಲೆ ಎತ್ತಿ ನೋಡಿದೆ. ಒಂದು ಸಲ ಮಾಳಿಗೆ ಬಿದ್ದದ್ದನ್ನು ಕಂಡವನಿಗೆ ಎಲ್ಲ ತೊಲೆಗಳೂ ಬೀಳಲು ಹೊರಟಂತೆಯೇ ಕಾಣುತ್ತವೆ. ಮೇಲೆ ಏನೋ ಟಕಟಕ ಎಂದಿತು. ನನ್ನ ಮೊಣಕಾಲು ನಡುಗಿತು. ಈ ನಡುಕವನ್ನೇ ನಾನು ವಿವೇಕ ಎಂದು ತಿಳಿದೆ. ಮನೆಗೆ ಹೋಗಿ ಗಂಗಾಳಿಗೆ ಹೇಳಬಹುದಾಗಿತ್ತು, ಆದರೆ ಊರಿಗೆಲ್ಲ ಮಾಳಿಗೆ ನೋಡುವವನು ‘ಹೆಂಡತಿಯನ್ನು ಕೇಳಿ ಬರುತ್ತೇನೆ’ ಎನ್ನುವುದು ಹೇಗೆ. ಕೂಡಲೇ ಕಟ್ಟಡ ಖಾಲಿ ಮಾಡತಕ್ಕದ್ದು ಎಂದು ನನ್ನ ಅತ್ಯಂತ ಅಂದದ ಅಕ್ಷರದಲ್ಲಿ ಬರೆದೆ.

ಇಡೀ ಮಳೆಗಾಲ ಕಚೇರಿ ಒಂದು ತಗಡಿನ ಶೆಡ್ಡಿನಲ್ಲಿ ನಡೆಯಿತು. ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಕಾಗದಗಳು ನೆನೆದು ಶಾಯಿ ಹರಡಿ, ಯಾರ ರಾಯ ಯಾವುದೆಂದು ತಿಳಿಯದಾಯಿತು. ಮಹಬೂಬ ಸಾಹೇಬರ ಮೊಣಕಾಲಿಗೆ ಶೀತ ಹೊಕ್ಕಿತು. ಅವರು ದಿನಾ ನನ್ನೆದುರು ಕೂತು ಎಣ್ಣೆ ಉಜ್ಜಿಕೊಳ್ಳುತ್ತಿದ್ದರು. ದಸರೆ ಮುಗಿದ ಮೇಲೆ ಕಚೇರಿಯ ಮಾಳಿಗೆ ಬಿಚ್ಚಿ ನೋಡಿದರು. ತೊಲೆಗಳು ಎಷ್ಟು ಗಟ್ಟಿಯಾಗಿದ್ದವೆಂದರೆ ಉಳಿಯ ಬಾಯಿ ಮಡಚಿತು. ಸಪ್ಪಳ ಮಾಡಿದ್ದು ಪಾರಿವಾಳಗಳು. ತಿಂಗಳೊಳಗೆ ನನಗೆ ಜೇವರ್ಗಿಗೆ ವರ್ಗವಾಯಿತು. ಆ ಹುಕುಮಿನ ಶುದ್ಧಪ್ರತಿ ಬರೆಯುವ ಕೆಲಸವೂ ನನ್ನದೇ ಆಗಿತ್ತು.

ಜೇವರ್ಗಿಯಲ್ಲಿ ಮಸೀದಿಯ ಹಿಂದಿನ ಓಣಿಯಲ್ಲಿ ಫಾತಿಮಾಬೀ ಎಂಬ ಮುದುಕಿಯ ಮನೆ ಸಿಕ್ಕಿತು. ಬಂಡಿಯಿಂದ ಸಾಮಾನು ಇಳಿಸಿದೆವು. ಗಂಗಾ ಮಗುವನ್ನು ಸೊಂಟದ ಮೇಲೆ ಕೂಡಿಸಿಕೊಂಡು ಮುದುಕಿಯ ಜೊತೆ ಒಳಗೆ ಹೋದಳು. ಒಂದೊಂದು ಕೋಣೆಯಲ್ಲೂ ಇಬ್ಬರೂ ಏನೋ ಮಾತಾಡುತ್ತಾ ನಿಲ್ಲುವುದು ಕೇಳಿಸುತ್ತಿತ್ತು. ನಾನು ಹೊರಗೆ ಟ್ರಂಕಿನ ಪಕ್ಕ ಬಿಸಿಲಿನಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಫಾತಿಮಾಬೀ ಬಾಗಿಲಿಗೆ ಬಂದು, ಒಳಗೆ ನೆರಳಿದೆ, ಯಾಕೆ ಇಲ್ಲಿ ನಿಂತಿದ್ದೀರಿ ಎಂದು ಕೇಳಿದಳು. ಇಲ್ಲಿ ತಂಪು ಗಾಳಿ ಬರುತ್ತಿದೆ ಎಂದೆ. ಅವಳು ಓಣಿಯ ಆ ಕಡೆ ಈ ಕಡೆ ನೋಡಿದಳು. ಜೇವರ್ಗಿಯಲ್ಲಿ ಆ ಮಧ್ಯಾಹ್ನ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.